ಹೆಸರಿಲ್ಲದ ಮಕ್ಕಳು: ಮ್ಯಾಸಚೂಸೆಟ್ಸ್ ಚರ್ಚ್ ಪುಸ್ತಕಗಳ ಹಿಂದಿನ ಜಗಳ

ಅಮೆರಿಕದ ಪೂರ್ವ ಕರಾವಳಿಯ ಇಂಗ್ಲಿಷ್ ವಸಾಹತು ಮ್ಯಾಸಚೂಸೆಟ್ಸ್‌ನ ಹದಿನೇಳನೇ ಶತಮಾನದ ಚರ್ಚ್ ಪುಸ್ತಕಗಳಲ್ಲಿ ಒಂದೇ ಮನೆಯ ನಾಲ್ಕೈದು ಮಕ್ಕಳಿಗೆ ಒಂದೇ ಭಾನುವಾರ ದೀಕ್ಷಾಸ್ನಾನ ಕೊಟ್ಟ ನಮೂದುಗಳು ಸಿಗುತ್ತವೆ. ಹಿರಿಯ ಮಗುವಿಗೆ ಆಗಲೇ ಹತ್ತು ವರ್ಷ ತುಂಬಿದ್ದರೂ ಇರಬಹುದು. ವಂಶಾವಳಿ ಬರೆಯುವವರು ಆ ತಾರೀಖನ್ನು ಜನ್ಮದಿನವೆಂದು ಹಿಡಿದರೋ, ಲೆಕ್ಕ ಅಲ್ಲಿಗೇ ಕೆಟ್ಟಿತು. ಸಾಮಾನ್ಯವಾಗಿ ಅಂಥ ನಮೂದಿನ ಹಿಂದಿರುವುದು ಬೇರೆಯೇ ಸಂಗತಿ: ಆ ದಿನಕ್ಕೆ ಸ್ವಲ್ಪ ಮುಂಚೆ ಅಪ್ಪನೋ ಅಮ್ಮನೋ ಚರ್ಚಿನ ಸದಸ್ಯರಾಗಿರುತ್ತಾರೆ. ಊರಲ್ಲಿ ಯಾರು ಹುಟ್ಟಿದರು ಎಂಬುದಕ್ಕಿಂತ, ಯಾರನ್ನು ಒಳಗೆ ಬಿಟ್ಟರು ಎಂಬುದನ್ನೇ ಈ ಪುಸ್ತಕಗಳು ಹೇಳುತ್ತವೆ.

ಇಂಗ್ಲೆಂಡಿನಲ್ಲಿ ಹೀಗಿರಲಿಲ್ಲ. ಅಲ್ಲಿ ಪ್ಯಾರಿಷ್‌ನಲ್ಲಿ, ಎಂದರೆ ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶದಲ್ಲಿ, ಹುಟ್ಟಿದ ಮಗುವಿಗೆ ದೀಕ್ಷಾಸ್ನಾನ ಆಗಿಯೇ ಆಗುತ್ತಿತ್ತು. 1630ರಲ್ಲಿ ವಸಾಹತಿನ ಗವರ್ನರ್ ಜಾನ್ ವಿನ್‌ಥ್ರಾಪ್ ಜೊತೆ ಹಡಗಿಳಿದವರೂ, ಮುಂದಿನ ಹತ್ತು ವರ್ಷಗಳಲ್ಲಿ ನ್ಯೂ ಇಂಗ್ಲೆಂಡಿಗೆ ಬಂದ ಸುಮಾರು 20,000 ಮಂದಿಯಲ್ಲಿ ಬಹುಪಾಲಿನವರೂ ಇಂಗ್ಲೆಂಡಿನ ಚರ್ಚನ್ನು ಇನ್ನಷ್ಟು ಶುದ್ಧಗೊಳಿಸಬೇಕೆನ್ನುತ್ತಿದ್ದ ಪ್ಯೂರಿಟನ್ನರ ಪ್ರಭಾವದಲ್ಲಿದ್ದವರು. ಅವರ ಪ್ರಕಾರ ಚರ್ಚ್ ಎಂದರೆ ದೇವರೊಡನೆಯೂ ತಮ್ಮತಮ್ಮಲ್ಲೂ ಒಡಂಬಡಿಕೆ ಮಾಡಿಕೊಂಡ ಜನ. ಕಟ್ಟಡ ಬರೀ ಸಭಾಮಂದಿರ. 1630ರ ದಶಕದ ಮಧ್ಯದಿಂದ ಈ ಒಡಂಬಡಿಕೆಗೆ ಸೇರುವುದು ಇನ್ನೂ ಕಷ್ಟವಾಯಿತು. ಮೊದಲು ಹಿರಿಯರು ಖಾಸಗಿಯಾಗಿ ವಿಚಾರಿಸುತ್ತಿದ್ದರು. ಆಮೇಲೆ ಹೆಸರನ್ನು ಸಭೆಗೆ ತಿಳಿಸಿ, ಆಕ್ಷೇಪಣೆಗೆ ಕಾಯುತ್ತಿದ್ದರು. ಕೊನೆಗೆ, ದೇವರ ಕೃಪೆ ತನ್ನನ್ನು ಹೇಗೆ ಮುಟ್ಟಿತೆಂದು ಅಭ್ಯರ್ಥಿ ಸಭೆಯೆದುರು ನಿವೇದಿಸಬೇಕಿತ್ತು. ಹೆಂಗಸರ ನಿವೇದನೆಯನ್ನು ಕೆಲವೆಡೆ ಸಭಾಪಾಲಕರೇ ಓದಿ ಹೇಳುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಸಭೆಯ ಒಪ್ಪಿಗೆ. 1631ರ ಕಾನೂನಿನಂತೆ ವಸಾಹತಿನ ಮತದಾನದ ಹಕ್ಕೂ ಚರ್ಚ್ ಸದಸ್ಯರಾದ ಗಂಡಸರಿಗೆ ಮಾತ್ರ.

ಇಕ್ಕಟ್ಟು ಬಂದದ್ದು ಮಕ್ಕಳ ಕಾಲಕ್ಕೆ. ಸದಸ್ಯರ ಮಕ್ಕಳಿಗೇನೋ ದೀಕ್ಷಾಸ್ನಾನವಾಯಿತು. ಅವರು ಬೆಳೆದು ಮದುವೆಯಾದರು, ಆದರೆ ಅನೇಕರು ಆ ಕೃಪೆಯ ನಿವೇದನೆ ಮಾಡಲೇ ಇಲ್ಲ. ಹಾಗಾದರೆ ಮೊಮ್ಮಕ್ಕಳ ಗತಿ? 1657ರಲ್ಲಿ ಸಭಾಪಾಲಕರ ಕೂಟ, 1662ರಲ್ಲಿ ಬಾಸ್ಟನ್ ಸಿನೋಡ್ (ಚರ್ಚುಗಳ ಪ್ರತಿನಿಧಿಗಳ ಸಭೆ) ಇದಕ್ಕೊಂದು ನಡುದಾರಿ ಹುಡುಕಿದವು: ತಂದೆತಾಯಿ ಯೋಗ್ಯ ನಡತೆಯವರಾಗಿದ್ದು, ಒಡಂಬಡಿಕೆಯನ್ನು ಎಲ್ಲರೆದುರು ಒಪ್ಪಿಕೊಂಡರೆ ಅವರ ಮಕ್ಕಳಿಗೆ ದೀಕ್ಷಾಸ್ನಾನ ಕೊಡಬಹುದು. ಆದರೆ ತಂದೆತಾಯಿಗೆ ಕರ್ತನ ಭೋಜನವೂ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ) ಇಲ್ಲ, ಸಭೆಯಲ್ಲಿ ಮತವೂ ಇಲ್ಲ. ವಿರೋಧಿಗಳು ಇದಕ್ಕೆ ‘ಅರೆ ಒಡಂಬಡಿಕೆ’ ಎಂದು ಹೆಸರಿಟ್ಟು ಅಣಕಿಸಿದರು; ಅಣಕವೇ ಚರಿತ್ರೆಯಲ್ಲಿ ಉಳಿಯಿತು. ಸಭಾಪಾಲಕ ರಿಚರ್ಡ್ ಮಾದರ್ ಇದರ ಪರ ನಿಂತರೆ ಅವರ ಮಗ ಇಂಕ್ರೀಸ್ ವಿರೋಧಿಸಿ, ಆಮೇಲೆ ಅಪ್ಪನ ಪಕ್ಷಕ್ಕೇ ಬಂದರು.

ಸಿನೋಡ್ ಹೇಳಿದ್ದು ಸಲಹೆಯಷ್ಟೆ. ತೀರ್ಮಾನ ಆಯಾ ಚರ್ಚಿನದು. ಹಾಗಾಗಿ ಒಂದು ಊರಿನ ಪುಸ್ತಕ ತುಂಬಿದ್ದರೆ ಪಕ್ಕದ ಊರಿನದು ಖಾಲಿ. ಬಾಸ್ಟನ್ನಿನ ಮೊದಲ ಚರ್ಚಂತೂ ಒಡೆದೇಹೋಯಿತು. ಆ ಚರ್ಚಿನವರು ಅರೆ ಒಡಂಬಡಿಕೆಯ ಕಟ್ಟಾ ವಿರೋಧಿ, ಸಭಾಪಾಲಕ ಜಾನ್ ಡೇವನ್‌ಪೋರ್ಟ್ ಅವರನ್ನು ನ್ಯೂ ಹೇವನ್‌ನಿಂದ ಕರೆಸಿಕೊಂಡರು. ಚರ್ಚ್ ಬದಲಿಸುವವರು ಹಳೆಯ ಸಭೆಯಿಂದ ಬಿಡುಗಡೆ ಪತ್ರ ತರಬೇಕೆಂಬುದು ಪದ್ಧತಿ. ನ್ಯೂ ಹೇವನ್ ಬರೆದ ಪತ್ರದಲ್ಲಿ ಮನಃಪೂರ್ವಕ ಒಪ್ಪಿಗೆ ಇರಲಿಲ್ಲ. ಬಾಸ್ಟನ್ನಿನ ಹಿರಿಯರು ಅದನ್ನು ಕತ್ತರಿಸಿ, ಬೇಕಾದಷ್ಟನ್ನೇ ಸಭೆಗೆ ಓದಿದರು. ಗುಟ್ಟು ರಟ್ಟಾಗುವ ಹೊತ್ತಿಗೆ ಅವರನ್ನು ಕರೆಸಿದ್ದನ್ನು ಒಪ್ಪದ 28 ಗಂಡಸರು ಹೊರಬಿದ್ದು 1669ರಲ್ಲಿ ಮೂರನೇ ಚರ್ಚ್ ಕಟ್ಟಿದ್ದರು. ಅವರ ಹೆಂಡತಿಯರಿಗೆ ಮೊದಲ ಚರ್ಚ್ ವರ್ಷಗಟ್ಟಲೆ ಬಿಡುಗಡೆ ಪತ್ರ ಕೊಡಲಿಲ್ಲ. ಗಂಡನ ಹೆಸರು ಒಂದು ಪುಸ್ತಕದಲ್ಲಿ, ಹೆಂಡತಿಯದು ಇನ್ನೊಂದರಲ್ಲಿ ಕಂಡರೆ ಸಂಸಾರ ಮುರಿದಿತ್ತೆಂದು ಭಾವಿಸಬೇಕಿಲ್ಲ.

ಇಂಥ ಬಿಡುಗಡೆ ಪತ್ರದ ನಮೂದುಗಳೇ ಹುಡುಕುವವರಿಗೆ ದೊಡ್ಡ ಆಸರೆ. ಕುಟುಂಬ ಯಾವ ಊರಿಂದ ಯಾವ ಊರಿಗೆ, ಸುಮಾರು ಯಾವಾಗ ಹೋಯಿತೆಂದು ಅವು ಹೇಳುತ್ತವೆ. ‘ಒಡಂಬಡಿಕೆ ಒಪ್ಪಿಕೊಂಡರು’ ಎಂಬ ಸಾಲು ಹೊಸ ಮದುವೆಯ ಜೋಡಿಯ ಹೆಸರಿನ ಮುಂದಿದ್ದರೆ ಚೊಚ್ಚಲ ಮಗು ಹುಟ್ಟಿದ್ದೋ ಹುಟ್ಟಲಿದ್ದದ್ದೋ ಆಸುಪಾಸಿನಲ್ಲೇ. ಮದುವೆಯಾಗಿ ಏಳು ತಿಂಗಳೊಳಗೆ ಮಗು ಹುಟ್ಟಿದರೆ ದಂಪತಿ ಸಭೆಯೆದುರು ತಪ್ಪೊಪ್ಪಿಕೊಳ್ಳಬೇಕೆಂದು ಕೆಲವು ಚರ್ಚುಗಳು ನಿಯಮ ಮಾಡಿದ್ದವು. ಮದುವೆಯ ತಾರೀಖು ಕಳೆದುಹೋದ ಕಡೆ ಈ ತಪ್ಪೊಪ್ಪಿಗೆಯೇ ಸಾಕ್ಷಿ. ಅಮ್ಮ ಮಾತ್ರ ಸದಸ್ಯೆಯಾಗಿದ್ದರೆ ಮಗು ‘ನಮ್ಮ ಸಹೋದರಿಯ ಮಗು’ ಎಂದು ದಾಖಲಾಗುವುದುಂಟು. ಅಪ್ಪನ ಹೆಸರಿಲ್ಲವೆಂದು ಅವನನ್ನು ಸಾಯಿಸಬೇಡಿ.

ಮದುವೆಯನ್ನು ಮಾತ್ರ ಚರ್ಚ್ ಪುಸ್ತಕದಲ್ಲಿ ಹುಡುಕಿ ಫಲವಿಲ್ಲ. ಪ್ಯೂರಿಟನ್ನರಿಗೆ ಅದು ಸಂಸ್ಕಾರವಲ್ಲ, ಲೌಕಿಕ ಕರಾರು, ಮಾಡಿಸುತ್ತಿದ್ದವರು ಮ್ಯಾಜಿಸ್ಟ್ರೇಟರು. ಸಭಾಪಾಲಕರಿಗೂ ಆ ಅಧಿಕಾರವನ್ನು ವಸಾಹತಿನ ಕಾನೂನು ಕೊಟ್ಟದ್ದು 1692ರಲ್ಲಿ. ಜನನ, ಮದುವೆ, ಮರಣವನ್ನು ಸರ್ಕಾರದ ಕಡೆಯಿಂದ ಬರೆಯಬೇಕೆಂದು 1639ರಲ್ಲೇ ಆದೇಶವಾಗಿತ್ತು. ಪಾಲನೆ ಅಷ್ಟಕ್ಕಷ್ಟೆ.

ತಾರೀಖಿನ ತೊಡಕು ಇನ್ನೊಂದು. 1752ರವರೆಗೆ ಅಲ್ಲಿ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ಕ್ಕೆ. ಪ್ಯೂರಿಟನ್ನರು ತಿಂಗಳ ಹೆಸರು ಬಿಟ್ಟು ಅಂಕಿ ಬರೆಯುತ್ತಿದ್ದರು, ಅವರ ‘1ನೇ ತಿಂಗಳು’ ಎಂದರೆ ಮಾರ್ಚ್. ಸಭಾಪಾಲಕರ ಬೋಧನೆಯನ್ನು ಪ್ರಶ್ನಿಸಿದ ಆನ್ ಹಚಿನ್ಸನ್ ಅವರನ್ನು ಬಾಸ್ಟನ್ ಚರ್ಚ್ ಬಹಿಷ್ಕರಿಸಿದ್ದು 1638ರ ಮಾರ್ಚ್ 22ರಂದು. ಹಳೆಯ ಲೆಕ್ಕದಲ್ಲಿ ಅದಿನ್ನೂ 1637. ಇದಕ್ಕೇ 1637/8 ಎಂದು ಎರಡನ್ನೂ ಬರೆಯುವ ರೂಢಿ. ಗುರುತು ಹಾಕಿಕೊಳ್ಳುವಾಗ ಮೂಲದಲ್ಲಿ ಇದ್ದಂತೆಯೇ ಎತ್ತಿಕೊಳ್ಳಿ, ನಿಮ್ಮ ಪರಿವರ್ತನೆಯನ್ನು ಪಕ್ಕದಲ್ಲಿ ಬರೆಯಿರಿ. ಇಲ್ಲದಿದ್ದರೆ ಅಣ್ಣ ಹುಟ್ಟಿದ ಮೂರು ತಿಂಗಳಿಗೆ ತಮ್ಮ ಹುಟ್ಟುತ್ತಾನೆ.

ಹುಟ್ಟಿದ ಕೂಡಲೇ, ಮೊದಲ ಭಾನುವಾರವೇ ಮಗುವನ್ನು ಸಭಾಮಂದಿರಕ್ಕೆ ಒಯ್ಯುವುದು ಸದಸ್ಯರ ಮನೆಗಳಲ್ಲಿ ಸಾಮಾನ್ಯವಾಗಿತ್ತು, ಚಳಿಗಾಲದಲ್ಲೂ. ಒಳಗೆ ಬೆಂಕಿಯಿರಲಿಲ್ಲ. 1686ರ ಜನವರಿಯ ಒಂದು ಭಾನುವಾರ ಕರ್ತನ ಭೋಜನದ ರೊಟ್ಟಿ ಹೆಪ್ಪುಗಟ್ಟಿ, ಮುರಿದು ತಟ್ಟೆಗೆ ಹಾಕುವಾಗ ಸದ್ದು ಮಾಡಿತೆಂದು ಬಾಸ್ಟನ್ನಿನ ವ್ಯಾಪಾರಿ ಸ್ಯಾಮ್ಯುಯೆಲ್ ಸ್ಯೂವಲ್ ದಿನಚರಿಯಲ್ಲಿ ಬರೆದಿದ್ದಾರೆ.

ಸದಸ್ಯರನ್ನೂ ಉಳಿದವರನ್ನೂ ಬೇರ್ಪಡಿಸಿದ್ದ ಗೋಡೆ ಕುಸಿದದ್ದು ನಿಧಾನವಾಗಿ. ಇಂಗ್ಲೆಂಡಿನ ರಾಜಸತ್ತೆ ವಸಾಹತಿಗೆ ಕೊಟ್ಟ 1691ರ ಹೊಸ ಸನ್ನದು ಮತದಾನಕ್ಕೆ ಚರ್ಚ್ ಸದಸ್ಯತ್ವದ ಬದಲು ಆಸ್ತಿಯನ್ನು ಅಳತೆಗೋಲು ಮಾಡಿತು. 1699ರಲ್ಲಿ ಬಾಸ್ಟನ್ನಿನ ಬ್ರ್ಯಾಟಲ್ ಸ್ಟ್ರೀಟ್ ಚರ್ಚ್ ಬಹಿರಂಗ ನಿವೇದನೆಯ ಕಡ್ಡಾಯವನ್ನೇ ಕೈಬಿಟ್ಟಿತು. ನಾರ್ಥಾಂಪ್ಟನ್‌ನಲ್ಲಿ ಸಭಾಪಾಲಕ ಸಾಲೊಮನ್ ಸ್ಟಾಡರ್ಡ್ ಕರ್ತನ ಭೋಜನವನ್ನೂ ಸಜ್ಜನರಿಗೆಲ್ಲ ತೆರೆದಿಟ್ಟರು. ಅವರ ನಂತರ ಅಲ್ಲೇ ಸಭಾಪಾಲಕರಾದ ಮೊಮ್ಮಗ ಜೊನಾಥನ್ ಎಡ್ವರ್ಡ್ಸ್ ಅದನ್ನು ಮತ್ತೆ ಬಿಗಿಮಾಡಲು ಹೋಗಿ 1750ರಲ್ಲಿ ಸಭೆಯಿಂದಲೇ ವಜಾ ಆದರು. ಹೀಗಾಗಿ ಪುಸ್ತಕ ತೆರೆಯುವ ಮೊದಲು ಆ ಚರ್ಚ್ ಯಾವ ವರ್ಷ ಯಾವ ನಿಯಮದಲ್ಲಿತ್ತೆಂದು ನೋಡಿಕೊಳ್ಳಬೇಕು. ಹೆಸರು ಅಲ್ಲಿ ಸಿಗದಿದ್ದರೆ ಊರಿನ ಜನನ ಪಟ್ಟಿ, ಆಮೇಲೆ ಅಪ್ಪನ ಉಯಿಲು. ಚರ್ಚ್ ಹೊರಗಿಟ್ಟ ಮಗನಿಗೂ ಅಪ್ಪ ಜಮೀನು ಬರೆದಿರುತ್ತಾನೆ.