ಸಿಂಟರ್‌ಕ್ಲಾಸ್ ಹಬ್ಬಕ್ಕೆ ಉಡುಗೊರೆ ಕೊಂಡುಕೊಟ್ಟರೆ ಸಾಲದೇ?

ಪ್ರಶ್ನೆ: ನಾವಿರುವುದು ನೆದರ್ಲೆಂಡ್ಸಿನಲ್ಲಿ. ಮಗಳ ಶಾಲೆಯಲ್ಲಿ ಚೀಟಿ ಎತ್ತಿಸಿ, ಡಿಸೆಂಬರ್ 5ಕ್ಕೆ ಸಹಪಾಠಿಗೊಂದು ‘ಸುರ್‌ಪ್ರೀಸ’ ತರಲು ಹೇಳಿದ್ದಾರೆ. ಆಟಿಕೆಯೊಂದನ್ನು ಕೊಂಡು ಬಣ್ಣದ ಕಾಗದ ಸುತ್ತಿ ಕೊಟ್ಟರೆ ಆಗದೇ?

ಉತ್ತರ: ಆಗದು. ಇಲ್ಲಿ ಸುರ್‌ಪ್ರೀಸ ಎಂದರೆ ಒಳಗಿನ ಉಡುಗೊರೆಯಲ್ಲ, ಅದನ್ನು ಬಚ್ಚಿಡಲು ಕೈಯಾರೆ ಮಾಡಿದ ಆಕೃತಿ. ಆ ಮಗುವಿಗೆ ಫುಟ್‌ಬಾಲ್ ಹುಚ್ಚಿದ್ದರೆ ಚೆಂಡು, ಕುದುರೆ ಇಷ್ಟವಿದ್ದರೆ ಕುದುರೆ. ಜೊತೆಗೊಂದು ಪದ್ಯವೂ ಬೇಕು. ಕೊಟ್ಟವರ ಹೆಸರು ಎಲ್ಲೂ ಕಾಣಬಾರದು. ಪದ್ಯದ ಕೆಳಗೆ ‘ಸಿಂಟ್’ (ಸಂತ) ಎಂದೋ ‘ಪೀಟ್’ (ಸಂತನ ಸಹಾಯಕ) ಎಂದೋ ಸಹಿ. ಏಕೆಂದರೆ ಕೊಡುವವನು ಸಂತ ನಿಕೋಲಾಸ್, ಡಚ್ಚರ ಬಾಯಲ್ಲಿ ಸಿಂಟರ್‌ಕ್ಲಾಸ್. ಇಂದಿನ ಟರ್ಕಿಯಲ್ಲಿರುವ ಮೈರಾದ ನಾಲ್ಕನೇ ಶತಮಾನದ ಬಿಷಪ್; ವರದಕ್ಷಿಣೆಗೆ ಗತಿಯಿಲ್ಲದ ಮೂವರು ಹುಡುಗಿಯರ ಮನೆಯೊಳಗೆ ರಾತ್ರಿ ಗುಟ್ಟಾಗಿ ಹೊನ್ನಿನ ಗಂಟು ಎಸೆದುಹೋದನೆಂಬುದು ಐತಿಹ್ಯ. ಡಚ್ಚರ ಕತೆಯಲ್ಲಿ ಮಾತ್ರ ಅವನು ನವೆಂಬರ್ ಮಧ್ಯದಲ್ಲಿ ಸ್ಪೇನಿನಿಂದ ಹಬೆ ಹಡಗಿನಲ್ಲಿ ಬಂದು, ಬಿಳಿ ಕುದುರೆಯೇರಿ ಮಾಡುಗಳ ಮೇಲೆ ಓಡಾಡುತ್ತಾನೆ. ಮಕ್ಕಳು ಬೂಟಿನಲ್ಲಿ ಕ್ಯಾರೆಟ್ ಇಡುವುದು ಆ ಕುದುರೆಗೆಂದೇ.

ಮೊದಲ ಸಲ ಮಾಡುವವರಿಗೆ ಚೆಂಡು ಸುಲಭ. ಬಲೂನು ಊದಿ, ದಿನಪತ್ರಿಕೆಯ ಪಟ್ಟಿಗಳನ್ನು ಮೈದಾ ಅಂಟಿನಲ್ಲಿ ಅದ್ದಿ ಮೂರು ಪದರ ಅಂಟಿಸಿ. ಐದಾರು ಪದರವಾದರೆ ಒಡೆಯಲು ಚಾಕುವೇ ಬೇಕಾದೀತು, ತರಗತಿಯಲ್ಲಿ ಅದು ನಡೆಯದು. ಒಣಗಲು ಎರಡು ದಿನ ಬಿಡಿ. ಅವಸರಕ್ಕೆ ಹೀಟರ್ ಮೇಲಿಟ್ಟರೆ ಒಳಗಿನ ಗಾಳಿ ಹಿಗ್ಗಿ ಬಲೂನು ಒಡೆಯುತ್ತದೆ, ಹಸಿ ಚಿಪ್ಪು ಕುಸಿಯುತ್ತದೆ. ಹಾಗಾಗಿ 4ರ ಸಂಜೆ ಶುರುಮಾಡಿದರೆ ಕೆಟ್ಟಂತೆಯೇ. ಒಣಗಿದ ಮೇಲೆ ಬಲೂನು ಚುಚ್ಚಿ ತೆಗೆದು, ತಳದಲ್ಲಿ ಕಿಂಡಿ ಕೊರೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಉಡುಗೊರೆ ತೂರಿಸಿ. ಸಂದಿಗೆ ಕಾಗದದ ಚೂರು ತುಂಬದಿದ್ದರೆ ಅಲ್ಲಾಡಿಸಿದ ಕೂಡಲೇ ಗುಟ್ಟು ರಟ್ಟು. ಬಣ್ಣ ಕೊನೆಗೆ. ಉಡುಗೊರೆಗೆ ಶಾಲೆ ಹೇಳಿದ ಮೊತ್ತವನ್ನು ಮೀರಬೇಡಿ. ದುಬಾರಿಯದು ಉಳಿದ ಮಕ್ಕಳಿಗೆ ಇರುಸುಮುರುಸು.

ಪದ್ಯ ಎಂಟು-ಹತ್ತು ಸಾಲಿದ್ದರೆ ಸಾಕು. ಎರಡೆರಡು ಸಾಲಿಗೆ ಅಂತ್ಯಪ್ರಾಸ ಕೂಡಿಬರಬೇಕು (ನಮ್ಮ ದ್ವಿತೀಯಾಕ್ಷರ ಪ್ರಾಸಕ್ಕೆ ಅಲ್ಲಿ ಬೆಲೆಯಿಲ್ಲ). ಪಡೆದ ಮಗುವೇ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದುವುದರಿಂದ ಸದಾ ತಡವಾಗಿ ಬರುವುದನ್ನು ಕಿಚಾಯಿಸಿ, ಮೈಬಣ್ಣ, ದಪ್ಪ, ಅಂಕಗಳನ್ನಲ್ಲ. ಕೈಬರಹ ಗುರುತು ಸಿಗುತ್ತದೆ, ಟೈಪ್ ಮಾಡಿಸಿ.

ಮನೆಯಲ್ಲಿ ಆರು ವರ್ಷದ ತಮ್ಮನೋ ತಂಗಿಯೋ ಇದ್ದರೆ ಅವರು ಮಲಗಿದ ಮೇಲೆಯೇ ಅಂಟು ಕಲಸಿ. ಆ ವಯಸ್ಸಿನವರಿಗೆ ಸಿಂಟರ್‌ಕ್ಲಾಸ್ ಇನ್ನೂ ನಿಜವಾಗಿಯೇ ಬರುವವನು.