ಕಲುಷಿತ ಜಾಗ ಕೊಂಡರೆ ಕಾನೂನು ಯಾರನ್ನು ಬಿಡುತ್ತದೆ?

ಅಮೆರಿಕದ ನಯಾಗರ ಫಾಲ್ಸ್ ಊರಲ್ಲಿ ಲವ್ ಕೆನಾಲ್ ಎಂಬ ಹಳೆಯ ಕಾಲುವೆ ಇತ್ತು. ಹೂಕರ್ ಕೆಮಿಕಲ್ ಕಂಪನಿ 1942ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದರಲ್ಲಿ ಸುಮಾರು 21,000 ಟನ್ ರಾಸಾಯನಿಕ ಕಸ ಸುರಿಯಿತು. 1953ರಲ್ಲಿ ಮಣ್ಣು ಮುಚ್ಚಿ, ಶಾಲಾ ಮಂಡಳಿಗೆ ಒಂದೇ ಡಾಲರ್‌ಗೆ ಕೊಟ್ಟಿತು. ಮುಂದೆ ಏನಾದರೂ ಆದರೆ ನಾವು ಹೊಣೆಯಲ್ಲ ಎಂದು ಕ್ರಯಪತ್ರದಲ್ಲೇ ಬರೆಸಿಕೊಂಡಿತ್ತು! ಅಲ್ಲಿ ಶಾಲೆ ಬಂತು, ಸುತ್ತ ಮನೆಗಳು ಎದ್ದವು. ಕೊನೆಗೆ ವಿಷ ಆ ಮನೆಗಳ ನೆಲಮಾಳಿಗೆಗೆ ಜಿನುಗಿತು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದರು.

ಆ ಸಿಟ್ಟಿನಲ್ಲಿ ಬಂದದ್ದು 1980ರ ಸೂಪರ್‌ಫಂಡ್ ಕಾಯ್ದೆ. ಬಹಳ ಬಿಗಿ ಕಾಯ್ದೆ ಅದು. ಕಸ ಸುರಿದವರಷ್ಟೇ ಅಲ್ಲ, ಜಾಗದ ಈಗಿನ ಮಾಲೀಕರೂ ಹೊಣೆ. ತಪ್ಪು ಯಾರದ್ದು ಎಂಬ ಪ್ರಶ್ನೆಯೇ ಇಲ್ಲ. ಕಾಯ್ದೆಗೂ ಮುಂಚೆ ಸುರಿದ ಕಸಕ್ಕೂ ಅನ್ವಯ. ಒಬ್ಬರೇ ಕೈಗೆ ಸಿಕ್ಕರೆ ಜಾಗ ಸ್ವಚ್ಛಗೊಳಿಸುವ ಪೂರ್ತಿ ಖರ್ಚನ್ನು ಅವರಿಂದಲೇ ವಸೂಲಿ ಮಾಡಬಹುದು.

ಹಾಗಾದರೆ ಯಾರು ಕೊಳ್ಳುತ್ತಾರೆ? ಊರ ನಡುವಿನ ಹಳೆಯ ಕಾರ್ಖಾನೆ ಜಾಗಗಳು ಪಾಳುಬಿದ್ದವು. ಸಾಲ ಕೊಟ್ಟವರೂ ಹೊಣೆಯಾಗಬಹುದು ಎಂದು 1990ರ ಫ್ಲೀಟ್ ಫ್ಯಾಕ್ಟರ್ಸ್ ತೀರ್ಪು ಹೇಳಿದ ಮೇಲೆ ಬ್ಯಾಂಕ್‌ಗಳೂ ಹೆದರಿದವು. ಅವಕ್ಕೆ ರಕ್ಷಣೆ ಕೊಡಲು 1996ರಲ್ಲಿ ಬೇರೆಯೇ ಕಾನೂನು ಮಾಡಬೇಕಾಯಿತು.

ಕೊಳ್ಳುವವರಿಗೆ 1986ರಲ್ಲಿ ಒಂದು ಕಿಂಡಿ ತೆರೆದಿದ್ದರು. ಮೊದಲೇ ಚೆನ್ನಾಗಿ ವಿಚಾರಿಸಿಯೂ ವಿಷ ಇದ್ದದ್ದು ತಿಳಿಯದೇ ಹೋಗಿದ್ದರೆ ಬಚಾವು. ಅಂದರೆ ಹುಡುಕಿ ಪತ್ತೆ ಹಚ್ಚಿದವರಿಗೆ ರಕ್ಷಣೆ ಇಲ್ಲ! ವಿಚಿತ್ರ ನ್ಯಾಯ, ಅಲ್ವಾ?

ಇದನ್ನು ಸರಿಪಡಿಸಿದ್ದು ಜಾರ್ಜ್ ಡಬ್ಲ್ಯು. ಬುಷ್ 2002ರ ಜನವರಿ 11ರಂದು ಸಹಿ ಹಾಕಿದ ಕಾನೂನು. ಗೊತ್ತಿದ್ದೇ ಕೊಂಡರೂ ಪರವಾಗಿಲ್ಲ, ಆದರೆ ಷರತ್ತುಗಳಿವೆ. ಜಾಗ ಆ ದಿನದ ನಂತರ ಕೊಂಡದ್ದಾಗಿರಬೇಕು. ಕಸವೆಲ್ಲ ಕೊಳ್ಳುವ ಮೊದಲೇ ಬಿದ್ದಿರಬೇಕು. ಹೊಣೆಗಾರರ ಜೊತೆ ಸಂಬಂಧ ಇರಬಾರದು. ಜಾಗದ ಇತಿಹಾಸದ ಬಗ್ಗೆ ತಜ್ಞರು ಮಾಡಿದ ತನಿಖೆ ಕೊಳ್ಳುವ ಮುಂಚಿನ ಒಂದು ವರ್ಷದೊಳಗಿನದ್ದಾಗಿರಬೇಕು, ಅದರ ಕೆಲವು ಭಾಗ 180 ದಿನಕ್ಕಿಂತ ಹಳೆಯದಾಗಿರಬಾರದು. ರಾಜ್ಯದ ಯೋಜನೆಯಡಿ ಸ್ವಚ್ಛಗೊಳಿಸಿದರೆ ಕೇಂದ್ರ ಸರ್ಕಾರ ಸಾಮಾನ್ಯವಾಗಿ ಬೆನ್ನು ಹತ್ತುವುದಿಲ್ಲ ಎಂಬ ಭರವಸೆಯೂ ಈ ಕಾನೂನಿನದ್ದೇ. ಅದಕ್ಕೆ ಜಾಗವೂ ಅರ್ಹವಾಗಿರಬೇಕು. ಅತಿ ಕೆಟ್ಟ ಜಾಗಗಳ ರಾಷ್ಟ್ರೀಯ ಆದ್ಯತಾ ಪಟ್ಟಿಯಲ್ಲಿದ್ದರೆ ಆ ವಿನಾಯಿತಿ ಸಿಗುವುದಿಲ್ಲ.

ಜಾಸ್ತಿ ಜನ ಎಡವುವುದು ಕೊಂಡ ಮೇಲೆ ಎಂದು ನನಗನ್ನಿಸುತ್ತದೆ. ರಿಜಿಸ್ಟರ್ ಆಯಿತು ಎಂದು ಸುಮ್ನೆ ಕೂರುವಂತಿಲ್ಲ. ಸೋರಿಕೆ ತಡೆಯಬೇಕು, ಅಧಿಕಾರಿಗಳಿಗೆ ಸಹಕರಿಸಬೇಕು. ಚಾರ್ಲ್ಸ್‌ಟನ್‌ನಲ್ಲಿ ಹಳೆಯ ಗೊಬ್ಬರ ಕಾರ್ಖಾನೆಯ ಜಾಗ ಕೊಂಡ ಆ್ಯಶ್ಲಿ ಕಂಪನಿ ತನಿಖೆಯನ್ನೇನೋ ಮಾಡಿಸಿತ್ತು. ಆದರೆ ಅಲ್ಲಿದ್ದ ಕೊಳಚೆ ಗುಂಡಿಗಳನ್ನು ಹೊತ್ತಿಗೆ ಸರಿಯಾಗಿ ತೊಳೆದು ಮುಚ್ಚಿಸಲಿಲ್ಲ. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಅದಕ್ಕೆ ರಕ್ಷಣೆ ಇಲ್ಲ ಎಂದಿತು.

2018ರ ತಿದ್ದುಪಡಿ ಬಾಡಿಗೆದಾರರನ್ನೂ ಸ್ಪಷ್ಟವಾಗಿ ಈ ರಕ್ಷಣೆಯೊಳಗೆ ಸೇರಿಸಿತು. ಷರತ್ತು ಪಾಲಿಸಿದ್ದೇವೆ ಎಂದು ಸಾಬೀತು ಮಾಡುವ ಭಾರ ಮಾತ್ರ ಈಗಲೂ ರಕ್ಷಣೆ ಕೇಳುವವರದ್ದೇ.