ಪ್ರೊಕ್ಲಸ್ ಬೇರೆಯವರ ಹೆಸರಲ್ಲಿ ಬಂದ ದಾರಿ

ಮಧ್ಯಯುಗದ ಯುರೋಪಿನ ತತ್ವಶಾಸ್ತ್ರ ಓದಲು ಕೂತರೆ ಒಂದು ಗೊಂದಲ ಗ್ಯಾರಂಟಿ. ಎಲ್ಲಿ ನೋಡಿದರೂ ಅರಿಸ್ಟಾಟಲ್ ಹೆಸರು, ಒಳಗಿನ ಮಾತು ಮಾತ್ರ ಎಷ್ಟೋ ಕಡೆ ಪ್ಲೇಟೋ ಕಡೆಯವರದ್ದು. ನನಗೆ ಈ ಗಂಟು ಬಿಚ್ಚಿದ್ದು ಪ್ರೊಕ್ಲಸ್‌ನನ್ನು ಓದಿದ ಮೇಲೆ. ಅದಕ್ಕೇ ಈ ಟಿಪ್ಪಣಿಯಲ್ಲಿ ಅವನೊಬ್ಬನನ್ನೇ ಹಿಡಿದುಕೊಳ್ಳುತ್ತೇನೆ.

ಪ್ರೊಕ್ಲಸ್ (412–485) ಅಥೆನ್ಸಿನ ಪ್ಲೇಟೋ ಶಾಲೆಯ ಮುಖ್ಯಸ್ಥ. ಹಳೆಯ ಗ್ರೀಕ್ ದೇವತೆಗಳನ್ನು ಪೂಜಿಸುತ್ತಿದ್ದವನು, ಕ್ರೈಸ್ತನಲ್ಲ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ. ಅವನ 'ದೇವತತ್ವದ ಮೂಲಪಾಠ' ನೋಡಲು ರೇಖಾಗಣಿತದ ಪುಸ್ತಕದ ಥರ: 211 ಪ್ರಮೇಯ, ಒಂದೊಂದಕ್ಕೂ ಸಾಧನೆ. 35ನೆಯದು ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ. ಪ್ರತಿ ಕಾರ್ಯವೂ (ಅಂದರೆ ಒಂದು ಕಾರಣದಿಂದ ಹುಟ್ಟಿದ್ದು) ತನ್ನ ಕಾರಣದಲ್ಲಿ ಉಳಿದಿರುತ್ತದೆ, ಅದರಿಂದ ಹೊರಡುತ್ತದೆ, ಅದರ ಕಡೆಗೇ ತಿರುಗುತ್ತದೆ. ಅವನಿಗಿಂತ ಹಿಂದಿನ, ಪ್ಲೇಟೋ ಕಡೆಯವನೇ ಆದ ಪ್ಲೊಟೈನಸ್ ಕೊಡುವ ಹೋಲಿಕೆ ಬೆಂಕಿಯದು: ಬಿಸಿ ಸುತ್ತ ಹರಡುತ್ತದೆ, ಬೆಂಕಿ ಬೆಂಕಿಯಾಗಿಯೇ ಇರುತ್ತದೆ. (ಸೌದೆ ಮುಗಿದರೆ ಅಂತ ಕೇಳಬೇಡಿ, ಹೋಲಿಕೆ ಅಷ್ಟಕ್ಕೇ.) ತಿರುಗುವುದು ಅಂದರೆ ನಡೆದು ವಾಪಸ್ ಹೋಗುವುದಲ್ಲ, ಮೂಲವನ್ನು ಬಯಸಿ ತನ್ನ ಮಟ್ಟಿಗೆ ಅದರಂತಾಗುವುದು.

ಈಗ ಇವನು ಕ್ರೈಸ್ತರ ಮನೆ ಹೊಕ್ಕ ಬಗೆ ನೋಡಿ. ಸುಮಾರು 500ರ ಹೊತ್ತಿಗೆ ಯಾರೋ ಒಬ್ಬ ತಾನು ಒಂದನೇ ಶತಮಾನದ ಕ್ರೈಸ್ತ ಧರ್ಮಪ್ರಚಾರಕ ಸಂತ ಪೌಲನ ಶಿಷ್ಯ ಡಯೋನಿಸಿಯಸ್ ಎಂದು ಹೇಳಿಕೊಂಡು ಗ್ರೀಕ್‌ನಲ್ಲಿ ಬರೆದ. ದೇವದೂತರ ಶ್ರೇಣಿಗಳು, ದೇವರನ್ನು 'ಇದಲ್ಲ, ಅದಲ್ಲ' ಎಂದೇ ಹೇಳಬೇಕೆಂಬ ವಾದ, ಎಲ್ಲದರ ಹಿಂದೆಯೂ ಪ್ರೊಕ್ಲಸ್. ನಮಗೆ 'ನೇತಿ ನೇತಿ' ನೆನಪಾಗುವುದು ಸಹಜ, ಆದರೆ ಸುಮ್ನೆ ಎರಡಕ್ಕೂ ಗಂಟು ಹಾಕಬೇಡಿ. 827ರಲ್ಲಿ ಬೈಜಾಂಟಿಯಂ ಚಕ್ರವರ್ತಿ ಈ ಬರಹಗಳ ಪ್ರತಿಯನ್ನು ಪಶ್ಚಿಮ ಯುರೋಪಿನ ಫ್ರಾಂಕರ ದೊರೆ ಲೂಯಿಗೆ ಕಳಿಸಿದ. ಮುಂದೆ ಐರ್ಲೆಂಡಿನ ಎರಿಯುಜಿನಾ ಲ್ಯಾಟಿನ್‌ಗೆ ತಂದ. ಪೌಲನ ಶಿಷ್ಯನ ಮಾತು ಅಂದಮೇಲೆ ಎದುರಾಡುವವರು ಯಾರು?

ಇನ್ನೊಂದು ದಾರಿ ಅರಬ್ಬಿ ಭಾಷೆಯದು, ನನಗೆ ಇದೇ ಜಾಸ್ತಿ ಇಷ್ಟ. ಪ್ರೊಕ್ಲಸ್‌ನ ಅದೇ ಪುಸ್ತಕದಿಂದ ಆಯ್ದು, ಅವನ ಅನೇಕ ದೇವತೆಗಳನ್ನು ಕೈಬಿಟ್ಟು, ಎಲ್ಲವನ್ನೂ ಸೃಷ್ಟಿಸುವ ಒಂದೇ ಮೊದಲ ಕಾರಣ ಇಟ್ಟು ಅರಬ್ಬಿಯಲ್ಲಿ ಒಂದು ಚಿಕ್ಕ ಪುಸ್ತಕ ಸಿದ್ಧವಾಯಿತು. ಏಕದೇವವಾದಿಗಳಿಗೆ ನುಂಗಲು ಸುಲಭ, ಅಲ್ವಾ? 12ನೇ ಶತಮಾನದಲ್ಲಿ ಟೊಲೆಡೋದಲ್ಲಿ ಕ್ರೆಮೋನಾದ ಗೆರಾರ್ಡ್ ಅದನ್ನು ಲ್ಯಾಟಿನ್‌ಗೆ ತಂದ. ಹೆಸರು 'ಕಾರಣಗಳ ಪುಸ್ತಕ'. ಇದು ಅರಿಸ್ಟಾಟಲನದೇ ಎಂದು ಜನ ನಂಬಿದರು, 1255ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯದ ಪಾಠಪಟ್ಟಿಯಲ್ಲೂ ಅವನ ಪುಸ್ತಕಗಳ ಜೊತೆಗೇ ಸೇರಿತು.

ಗುಟ್ಟು ಒಡೆದದ್ದು ಅನುವಾದದಿಂದಲೇ. 1268ರಲ್ಲಿ ಮೋರ್ಬೆಕೆಯ ವಿಲಿಯಂ ಪ್ರೊಕ್ಲಸ್‌ನ ಮೂಲವನ್ನು ನೇರ ಗ್ರೀಕ್‌ನಿಂದ ಲ್ಯಾಟಿನ್‌ಗೆ ತಂದ. ಕ್ರೈಸ್ತ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಅದನ್ನೂ 'ಕಾರಣಗಳ ಪುಸ್ತಕ'ವನ್ನೂ ಪಕ್ಕಪಕ್ಕ ಇಟ್ಟು ಓದಿ, 1272ರ ಹೊತ್ತಿನ ತನ್ನ ವ್ಯಾಖ್ಯಾನದಲ್ಲಿ, ಇದು ಅರಬ್ಬರಲ್ಲಿ ಯಾರೋ ಪ್ರೊಕ್ಲಸ್‌ನಿಂದ ಆಯ್ದದ್ದಿರಬೇಕು ಎಂದು ಬರೆದ.

ತಮಾಷೆ ಏನೆಂದರೆ, ಅದೇ ವ್ಯಾಖ್ಯಾನದಲ್ಲಿ ಅವನು ಪ್ರೊಕ್ಲಸ್‌ನನ್ನು ತಿದ್ದಲು ಡಯೋನಿಸಿಯಸ್‌ನ ಮಾತು ತರುತ್ತಾನೆ. ಆ ಡಯೋನಿಸಿಯಸ್ ಕೂಡ ಪ್ರೊಕ್ಲಸ್‌ನಿಂದ ಸಾಲ ಮಾಡಿದವನೇ ಎಂಬುದು ಪಕ್ಕಾ ಆದದ್ದು 1895ರಲ್ಲಿ. ಕಾಖ್ ಮತ್ತು ಸ್ಟಿಗ್ಲ್‌ಮಾಯರ್ ಎಂಬ ಇಬ್ಬರು ಜರ್ಮನ್ ವಿದ್ವಾಂಸರು, ಬೇರೆ ಬೇರೆಯಾಗಿಯೇ, ಕೆಡುಕಿನ ಬಗ್ಗೆ ಪ್ರೊಕ್ಲಸ್ ಮತ್ತು ಡಯೋನಿಸಿಯಸ್ ಬರೆದದ್ದನ್ನು ಹೋಲಿಸಿ ಹಿಡಿದರು.